ಬರ್ಲಿನ್ ಮಾಸ್ತರರ ಮೂಗರ್ಜಿ

ಮಾನ್ವಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಬುರ್ಹಾನುದ್ದೀನ್ ಎಂಬುವರ ಮನೆ ಎಲ್ಲಿ ಎಂದು ಕೇಳಿದರೆ ಆಟೊದವರು ತಲೆ ಕೆರೆದುಕೊಳ್ಳುತ್ತಾರೆ. ಬರ್ಲಿನ್ ಮಾಸ್ತರರ ಮನೆ ಎಂದು ಕೇಳಿ ನೋಡಿ, ನೀವು ಬಾಯಿ ಮುಚ್ಚುವುದರೊಳಗೆ ಆಟೊ ಸ್ಟಾರ್ಟ್ ಆಗಿರುತ್ತದೆ. ಹಾಗಂತ ಜರ್ಮನಿಯ ಆ ರಾಜಧಾನಿಯನ್ನು ಮಾಸ್ತರರು ಕಣ್ಣಿಂದ ಕಂಡವರೇನಲ್ಲ. ಹೈದರಾಬಾದಿನ ಆಚೆಗೆ ಅವರು ರೈಲು ಹತ್ತಿದ್ದೇ ಇಲ್ಲ. ಆದರೂ ಮೂವತ್ತನಾಲ್ಕು ವರ್ಷ ಸರಕಾರಿ ಹೈಸ್ಕೂಲುಗಳಲ್ಲಿ ಸಮಾಜ ವಿಜ್ಞಾನ ಕಲಿಸಿದ ಈ ಮನುಷ್ಯ ಬರ್ಲಿನ್ ಪಾಠಕ್ಕೆ ಬಂದರೆಂದರೆ ಪಕ್ಕದ ಕ್ಲಾಸಿನ ಹುಡುಗರೂ ಕಿಟಕಿಗೆ ಬಂದು ನಿಲ್ಲುತ್ತಿದ್ದರು.

ಆ ಹುಚ್ಚು ಅಂಟಿಕೊಂಡದ್ದು ರದ್ದಿ ಅಂಗಡಿಯಲ್ಲಿ. ಮಾಸ್ತರರು ಹುಟ್ಟಿದ್ದು ರಾಯಚೂರಿನ ಹತ್ತಿರದ ಮಟಮಾರಿ ಎಂಬ ಹಳ್ಳಿಯಲ್ಲಿ. ತಂದೆ ಅಲ್ಲಾಉದ್ದೀನ್ ರಾಯಚೂರು ಗಂಜ್‌ನಲ್ಲಿ ಹತ್ತಿ ಅಂಡಿಗೆ ಹೊರುತ್ತಿದ್ದವರು. ಮಗನ ಪುಸ್ತಕಗಳಿಗೆ ಹೊದಿಕೆ ಹಾಕಲು ತೀನ್ ಕಂದೀಲ್ ಸರ್ಕಲ್ ಹತ್ತಿರದ ರದ್ದಿ ಅಂಗಡಿಯಿಂದ ದಪ್ಪ, ಹೊಳೆಯುವ ಕಾಗದ ತರುತ್ತಿದ್ದರು. ಪೂರ್ವ ಜರ್ಮನಿಯವರು ಆ ಕಾಲದಲ್ಲಿ ಪುಕ್ಕಟೆಯಾಗಿ ಹಂಚುತ್ತಿದ್ದ ಬಣ್ಣದ ಪತ್ರಿಕೆಗಳ ಹಾಳೆ ಅವು. ಬರ್ಲಿನ್ ಎಂಬ ಊರಿನ ಅಗಲವಾದ ರಸ್ತೆ, ನಗುವ ಕೆಲಸಗಾರರು, ಹೂವು ಹಿಡಿದ ಮಕ್ಕಳು. ಶಾಲೆಯಲ್ಲಿ ನೋಡಿದರೆ, ಆ ಊರಿನ ನಟ್ಟನಡುವೆ ಒಂದು ಗೋಡೆ ಇದೆ ಎಂದು ಪಾಠದಲ್ಲಿ ಬರೆದಿತ್ತು. ಹುಡುಗ ಮನೆಗೆ ಬಂದು ಎಲ್ಲ ಪುಸ್ತಕಗಳ ಹೊದಿಕೆ ಬಿಚ್ಚಿ ಹುಡುಕಿದ. ಒಂದು ಚಿತ್ರದಲ್ಲೂ ಗೋಡೆ ಇರಲಿಲ್ಲ. ಇಷ್ಟು ದೊಡ್ಡ ಗೋಡೆಯನ್ನು ಇಷ್ಟು ಚಂದ ಮುಚ್ಚಿಡುತ್ತಾರಲ್ಲ ಎಂದು ಅವನಿಗೆ ದಿಗಿಲಾಯಿತು. ಅಂದಿನಿಂದ ಯಾರು ಏನೇ ತೋರಿಸಲಿ, ತೋರಿಸದೆ ಬಿಟ್ಟದ್ದೇನು ಎಂದು ನೋಡುವುದು ಅವನ ಅಭ್ಯಾಸವಾಯಿತು.

ಒಳ್ಳೆಯ ಅಭ್ಯಾಸವೇ. ಆದರೆ ಅದನ್ನೇ ಮೂರೂ ಹೊತ್ತು ಉಂಡರೆ ಏನಾಗುತ್ತದೆ ಹೇಳಿ? ಹಾಲಿನವನು ಅಂದು ಬೇಗ ಬಂದರೆ ಮಾಸ್ತರರಿಗೆ ಸಂಶಯ, ತಡವಾಗಿ ಬಂದರೂ ಸಂಶಯ. ಬ್ಯಾಂಕಿನವರು ಹುಟ್ಟುಹಬ್ಬಕ್ಕೆ ಶುಭಾಶಯದ ಮೆಸೇಜು ಕಳಿಸಿದರೆ ಅದನ್ನು ಮೂರು ಸಲ ಓದಿ ಅಳಿಸಿಹಾಕುತ್ತಿದ್ದರು. ಹೆಂಡತಿ ದಾವಲ್ ಬೀಯಂತೂ ಈ ಸ್ವಭಾವದ ಜೊತೆ ನಲವತ್ತು ವರ್ಷ ಏಗಿದ ಹೆಂಗಸು. "ನಾ ನಕ್ಕರ ಯಾಕ ನಕ್ಕಿ ಅಂತಾರ, ಅತ್ತರ ಯಾರ ಹೇಳಿಕೊಟ್ರು ಅಂತಾರ" ಎಂದು ಸೂಗಮ್ಮನ ಹತ್ತಿರ ಹೇಳಿಕೊಂಡು ನಗುತ್ತಿದ್ದಳು.

ಸೂಗಮ್ಮ ಪಕ್ಕದ ಮನೆಯಾಕೆ, ಗಣಿತದ ಮಲ್ಲಯ್ಯ ಮಾಸ್ತರರ ಹೆಂಡತಿ. ಎರಡು ಮನೆಗಳ ನಡುವೆ ಏಳಡಿ ಎತ್ತರದ ಕಾಂಪೌಂಡ್ ಗೋಡೆ. ಕಟ್ಟಿಸಿದವರು ಯಾರು ಅಂತೀರಿ? ಬರ್ಲಿನ್ ಗೋಡೆಯ ಅನ್ಯಾಯವನ್ನು ಮೂವತ್ತನಾಲ್ಕು ವರ್ಷ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡ ನಮ್ಮ ಮಾಸ್ತರರೇ! ಮೇಲೆ ಒಡೆದ ಗಾಜಿನ ಚೂರು ಬೇರೆ ಚುಚ್ಚಿಸಿದ್ದರು.

ಹೋದ ವರ್ಷ ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಕೊಟ್ರೇಶ ಬಂದ. ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ ಇಟ್ಟವನು, ಒಂದು ಕಾಲಕ್ಕೆ ಹತ್ತನೇ 'ಬಿ'ಯಲ್ಲಿ ಮಾಸ್ತರರ ಶಿಷ್ಯ. ಕಾಲಿಗೆ ಬಿದ್ದು, ಕೈಗೆ ಕಾರ್ಡ್ ಕೊಟ್ಟ.

"ಸರ, ನಮ್ಮ ಎರಡು ಸಾವಿರದ ಆರರ ಬ್ಯಾಚಿನವರು ಸೇರಿ ಗುರುವಂದನಾ ಇಟ್ಕೊಂಡೀವ್ರಿ. ಅಕ್ಟೋಬರ್‌ನಾಗ, ರಾಯಚೂರಾಗ. ನೀವು ಬರಲೇಬೇಕು."

"ಈಗ್ಯಾಕಪ್ಪ ಒಮ್ಮಿಂದೊಮ್ಮೆಲೆ ನೆನಪಾತು?"

"ಏನ್ ಸರ ನೀವು! ನೀವೂ ಮಲ್ಲಯ್ಯ ಸರೂ ಒಂದೇ ಸ್ಟೇಜಿನ ಮ್ಯಾಲೆ ಕೂಡಬೇಕು. ಅವರ ಬಗ್ಗೆ ನೀವು ನಾಲ್ಕು ಮಾತಾಡಬೇಕ್ರಿ. ನಿಮ್ಮಿಬ್ಬರ ದೋಸ್ತಿ ನಾವೆಲ್ಲಾ ನೋಡೇವಿ."

ಮಾಸ್ತರರ ಮುಖ ಗಂಟಿಕ್ಕಿತು. "ಹಿಂಗ ಹೇಳಂತ ಕಳಿಸಿದವರು ಯಾರು? ಮಲ್ಲಯ್ಯನವರಾ?"

"ಅವರಿಗೆ ಇನ್ನೂ ಕಾರ್ಡೇ ಕೊಟ್ಟಿಲ್ಲ ಸರ" ಎಂದ ಕೊಟ್ರೇಶ, ಪಾಪ, ಬೆಪ್ಪಾಗಿ. ಮಾಸ್ತರರು ನಂಬಲಿಲ್ಲ. ಅವನು ಹೋದ ಮೇಲೆ ಕಾರ್ಡ್ ತಿರುಗಿಸಿ ತಿರುಗಿಸಿ ನೋಡಿದರು. ಇಬ್ಬರ ಫೋಟೋಗಳೂ ಅಕ್ಕಪಕ್ಕ ಇದ್ದವು. ಹದಿನೆಂಟು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡ ಬೆಂಕಿ ಮತ್ತೆ ಹೊತ್ತಿಕೊಂಡಿತು. ಬೆನ್ನಿಗೆ ಚೂರಿ ಹಾಕಿದವನನ್ನು ಹೊಗಳಬೇಕಂತೆ, ಅದೂ ಮೈಕ್ ಹಿಡಿದು. ಹೊಗಳುತ್ತೇನೆ, ಹೊಗಳದೆ ಬಿಡುತ್ತೇನೆಯೇ, ಆ ಚೂರಿಯನ್ನೇ ತಂದು ಎಲ್ಲರ ಮುಂದೆ ಇಡುತ್ತೇನೆ ಎಂದು ಹಲ್ಲು ಕಡಿದರು.

ಈ ಚೂರಿಯ ಕಥೆ ತಿಳಿಯಬೇಕಾದರೆ ಹಿಂದಕ್ಕೆ ಹೋಗಬೇಕು. ಬುರ್ಹಾನುದ್ದೀನ್ ಮತ್ತು ಮಲ್ಲಯ್ಯ ಒಂದೇ ವರ್ಷ ನೌಕರಿಗೆ ಸೇರಿದವರು, ರಾಯಚೂರಿನ ಒಂದೇ ಹೈಸ್ಕೂಲಿನಲ್ಲಿ. ಮಲ್ಲಯ್ಯ ಜಂಗಮರ ಮನೆತನದವರು. "ಲೇ ಸ್ವಾಮಿ" ಎಂದು ಇವರು, "ಬಾರಲೇ ಬುರ್ಹಾನ" ಎಂದು ಅವರು. ಒಂದೇ ಡಬ್ಬಿಯ ರೊಟ್ಟಿ, ಒಂದೇ ಸೈಕಲ್ಲು, ಆಮೇಲೆ ಒಂದೇ ಸ್ಕೂಟರು. ಮಾನ್ವಿಯಲ್ಲಿ ಕಾಲುವೆಯ ಕಡೆ ಲೇಔಟ್ ಆದಾಗ ಇಬ್ಬರೂ ಸೇರಿ ಅಕ್ಕಪಕ್ಕದ ಪ್ಲಾಟು ಹಿಡಿದಿದ್ದರು. ನಿವೃತ್ತಿಯಾದ ಮೇಲೆ ಇಲ್ಲೇ ಇರೋಣ, ನಡುವೆ ಗೋಡೆ ಬೇಡ, ಒಂದು ಸಣ್ಣ ಗೇಟು ಸಾಕು ಎಂದು ಮಾತಾಗಿತ್ತು.

ಆ ದಿನಗಳಲ್ಲಿ ಮಾಸ್ತರರ ಬರ್ಲಿನ್ ಪಾಠ ಕೇಳಬೇಕಿತ್ತು ನೀವು. ನೆಪೋಲಿಯನ್ ಬಂದು ಊರ ಹೆಬ್ಬಾಗಿಲ ಮೇಲಿನ ನಾಲ್ಕು ಕುದುರೆಯ ರಥವನ್ನು ಬಿಚ್ಚಿಸಿ ಪ್ಯಾರಿಸ್‌ಗೆ ಹೊತ್ತುಕೊಂಡು ಹೋದದ್ದು, ಎಂಟು ವರ್ಷಕ್ಕೆ ಜರ್ಮನ್ನರು ಅದನ್ನು ವಾಪಸ್ ತಂದು ಕೂಡ್ರಿಸಿದ್ದು. ಚಕ್ರವರ್ತಿ ಸಿಂಹಾಸನ ಬಿಟ್ಟು ಓಡಿದ್ದು. ಹಿಟ್ಲರನ ಕಾಲಕ್ಕೆ ಯೆಹೂದಿಗಳ ಅಂಗಡಿ ಒಡೆದಾಗ ಪಕ್ಕದ ಅಂಗಡಿಯವರು ಬಾಗಿಲು ಮುಚ್ಚಿಕೊಂಡು ಒಳಗೆ ಕೂತದ್ದು. ಬಾಂಬು ಬಿದ್ದು ಊರೆಲ್ಲ ಕಲ್ಲಿನ ರಾಶಿಯಾದ ಮೇಲೆ ಹೆಂಗಸರು ಸಾಲಾಗಿ ನಿಂತು ಒಂದೊಂದೇ ಇಟ್ಟಂಗಿ ಕೈಯಿಂದ ಕೈಗೆ ದಾಟಿಸಿದ್ದು. ಇದನ್ನೆಲ್ಲ ಅವರು ಪುಸ್ತಕ ಮುಟ್ಟದೆ ಹೇಳುತ್ತಿದ್ದರು. ಗೆದ್ದವರು ಊರನ್ನು ನಾಲ್ಕು ಪಾಲು ಮಾಡಿಕೊಂಡದ್ದು, ರಷ್ಯದವರು ದಾರಿ ಕಟ್ಟಿದಾಗ ಉಳಿದವರು ಹನ್ನೊಂದು ತಿಂಗಳು ವಿಮಾನದಲ್ಲೇ ಹಿಟ್ಟು, ಕಲ್ಲಿದ್ದಲು ಇಳಿಸಿದ್ದು ಬಂದಾಗ ಧ್ವನಿ ಏರುತ್ತಿತ್ತು. "ಆ ವಿಮಾನ ಹಾರಾಡುವಾಗಲೇ ನೋಡ್ರಪಾ, ಇಲ್ಲಿ ನಮ್ಮ ರಾಯಚೂರಾಗ ನಿಜಾಮರ ರಾಜ್ಯ ಮುಗದಿದ್ದು. ಅಲ್ಲೂ ಮಂದಿ ನಾಳಿ ಯಾರ ರಾಜ್ಯ ಅಂತ ನಿದ್ದಿಗೆಟ್ಟಿದ್ರು, ಇಲ್ಲೂ ನಮ್ಮಪ್ಪ ಮಟಮಾರ್ಯಾಗ ನಿದ್ದಿಗೆಟ್ಟಿದ್ದ" ಎನ್ನುತ್ತಿದ್ದರು.

ಕೊನೆಗೆ ಬೋರ್ಡಿನ ಮೇಲೆ ರಾಯಚೂರು ಬರೆಯುತ್ತಿದ್ದರು. ಬರ್ಲಿನ್ ಅಲ್ಲ, ರಾಯಚೂರೇ. ತೀನ್ ಕಂದೀಲಿನಿಂದ ಸ್ಟೇಷನ್ ತನಕ ಸೀಮೆಸುಣ್ಣದಿಂದ ಒಂದು ದಪ್ಪ ಗೆರೆ ಎಳೆದು ತಿರುಗಿ ನಿಲ್ಲುತ್ತಿದ್ದರು. "ಐತವಾರ ಮುಂಜಾನೆ ಎದ್ದು ನೋಡ್ತೀರಿ, ಇಲ್ಲಿ ಮುಳ್ಳುತಂತಿ ಅದ. ನಿಮ್ಮ ಮನಿ ಈ ಕಡಿ, ನಿಮ್ಮವ್ವನ ತವರುಮನಿ ಆ ಕಡಿ. ಏನ್ ಮಾಡ್ತೀರಿ?" ಮುಂದೆ ಒಬ್ಬೊಬ್ಬರ ಕಥೆ ಬರುತ್ತಿತ್ತು. ಕಿಟಕಿಯಿಂದ ಜಿಗಿದವರು, ಸುರಂಗ ತೋಡಿದವರು, ಗುಂಡು ತಿಂದವರು. ಆಮೇಲೆ ಎಂಬತ್ತೊಂಬತ್ತರಲ್ಲಿ ಪತ್ರಕರ್ತರ ಮುಂದೆ ಕೂತ ಒಬ್ಬ ಅಧಿಕಾರಿ ಕಾಗದ ಸರಿಯಾಗಿ ಓದಿಕೊಳ್ಳದೆ 'ಈಗಿಂದೀಗಲೇ ಹೋಗಬಹುದು' ಅಂದುಬಿಟ್ಟದ್ದು, ಅದನ್ನು ಕೇಳಿ ಜನ ಗೋಡೆಗೆ ಮುಗಿಬಿದ್ದದ್ದು.

ಎಲ್ಲಕ್ಕಿಂತ ಮಾಸ್ತರರಿಗೆ ಪ್ರಿಯವಾದದ್ದು ಅದರ ನಂತರದ ಭಾಗ. ಆ ಊರಿನ ಗುಪ್ತ ಪೊಲೀಸರು ಜನರ ಮೇಲೆ ಬರೆದಿಟ್ಟ ಕಡತಗಳನ್ನು ಸಾಲಾಗಿ ಇಟ್ಟರೆ ನೂರ ಹನ್ನೊಂದು ಕಿಲೋಮೀಟರು. ಅಂದರೆ ರಾಯಚೂರಿನಿಂದ ಹೊರಟು ದೇವದುರ್ಗ ಮುಟ್ಟಿ ವಾಪಸ್ ಬಂದಷ್ಟು, ಎನ್ನುತ್ತಿದ್ದರು ಮಾಸ್ತರರು. ಬರೆದುಕೊಟ್ಟವರು ಪರದೇಶದವರಲ್ಲ. ಪಕ್ಕದ ಮನೆಯವರು, ಆಫೀಸಿನ ಗೆಳೆಯರು, ಕೆಲವರಿಗೆ ಕಟ್ಟಿಕೊಂಡ ಗಂಡನೇ. ಗೋಡೆ ಬಿದ್ದ ಮೇಲೆ ಸರಕಾರ ಹೇಳಿತು, ನಿಮ್ಮ ಕಡತ ನೀವೇ ಬಂದು ಓದಿಕೊಳ್ಳಿ ಎಂದು. ಓದಿ ಹೊರಗೆ ಬಂದವರಲ್ಲಿ ಎಷ್ಟೋ ಜನ ಹಳೆಯ ಗೆಳೆಯರ ಮುಖ ಮತ್ತೆ ನೋಡಲಿಲ್ಲ.

ಈ ಮಾತು ಸ್ಟಾಫ್‌ರೂಮಿನಲ್ಲಿ ಬಂದಾಗ ಮಲ್ಲಯ್ಯನವರು ಒಮ್ಮೆ ಹೇಳಿದ್ದರು: "ನಾನಾದ್ರ ಓದಂಗಿಲ್ಲಪಾ. ಯಾರು ಬರದಾರಂತ ತಿಳಕೊಂಡು ಏನ್ ಮಾಡ್ಲಿ? ನಾಳಿ ಅವರ ಜೋಡಿನ ಚಾ ಕುಡೀಬೇಕು." ಅಂದು ಎಲ್ಲರೂ ನಕ್ಕರು, ಬುರ್ಹಾನುದ್ದೀನರೂ ನಕ್ಕರು. ಮುಂದೆ ಅದೇ ಮಾತು ಅವರ ಕಿವಿಯಲ್ಲಿ ವರ್ಷಗಟ್ಟಲೆ ಗುಂಯ್‌ಗುಟ್ಟಿತು. ತಪ್ಪಿಲ್ಲದವನು ಹಾಗೆ ಯಾಕೆ ಅನ್ನುತ್ತಾನೆ?

ಆದದ್ದು ಇಷ್ಟು. ಎರಡು ಸಾವಿರದ ಆರನೇ ಇಸವಿ, ಜನವರಿ ತಿಂಗಳ ಒಂದು ಶುಕ್ರವಾರ. ಮಧ್ಯಾಹ್ನ ಮನೆಯಿಂದ ಫೋನ್ ಬಂತು, ತಾಯಿ ಖತೀಜಾ ಬೀ ಉಸಿರು ಕಟ್ಟಿ ಮಲಗಿದ್ದಾಳೆ ಎಂದು. ಮಾಸ್ತರರ ರಜೆಗಳೆಲ್ಲ ಮುಗಿದಿದ್ದವು. ಹೆಡ್‌ಮಾಸ್ತರರು ರಜೆಯ ವಿಷಯದಲ್ಲಿ ಕಲ್ಲು, ಮುಂದಿನ ಗೇಟಿನಲ್ಲಿ ಜವಾನ ಕೂತಿದ್ದ. "ನೀ ಹಿಂದಿಂದ ಹೋಗು, ನಿನ್ನ ಕ್ಲಾಸ್ ನಾ ತಗೋತೀನಿ" ಎಂದ ಮಲ್ಲಯ್ಯನವರು ಶಾಲೆಯ ಹಿಂದಿನ ಗೋಡೆಯ ಹತ್ತಿರ ಬಗ್ಗಿ ಬೆನ್ನು ಕೊಟ್ಟರು. ಬುರ್ಹಾನುದ್ದೀನರು ಗೆಳೆಯನ ಬೆನ್ನಿನ ಮೇಲೆ ಕಾಲಿಟ್ಟು ಆಚೆ ಜಿಗಿದರು. ತಾಯಿಯನ್ನು ಆಸ್ಪತ್ರೆಗೆ ಸೇರಿಸಿದರು, ಆಕೆ ಉಳಿದಳು. ಅಲ್ಲಿಗೆ ಆ ಮಾತು ಮುಗಿಯಿತು ಎಂದುಕೊಂಡಿದ್ದರು.

ಮಾರ್ಚ್‌ನಲ್ಲಿ ಶಿಕ್ಷಣ ಇಲಾಖೆಯ ಕಚೇರಿಯಿಂದ ನೋಟಿಸು ಬಂತು. ಆ ತಾರೀಖಿನಂದು ಹಾಜರಿ ಹಾಕಿ, ಅನುಮತಿಯಿಲ್ಲದೆ ಶಾಲೆ ಬಿಟ್ಟಿದ್ದೀರಿ, ಸಾರ್ವಜನಿಕರಿಂದ ದೂರು ಬಂದಿದೆ ಎಂದು. ದೂರು ತೋರಿಸಿ ಎಂದರೆ, ಅದು ಗುಪ್ತ ಎಂದರು. ಹೆಸರಿಲ್ಲ, ಸಹಿಯಿಲ್ಲ. ಅಪ್ಪಟ ಮೂಗರ್ಜಿ! ನಮ್ಮ ಕಡೆ ಎಷ್ಟೋ ನೌಕರರ ಹಣೆಬರಹ ಬರೆಯುವುದು ಈ ಮೂಗರ್ಜಿಗಳೇ. ಒಬ್ಬ ಅಧಿಕಾರಿ ಬಂದು ಒಬ್ಬೊಬ್ಬರನ್ನೇ ಒಳಗೆ ಕರೆದು ವಿಚಾರಣೆ ಮಾಡಿ ಹೋದ. ಜೂನ್‌ನಲ್ಲಿ ಮಾಸ್ತರರನ್ನು ದೇವದುರ್ಗ ತಾಲೂಕಿನ ಒಂದು ಮೂಲೆಯ ಹಳ್ಳಿಗೆ ಎತ್ತಿ ಒಗೆದರು.

ಗೋಡೆ ಹಾರಿದ್ದು ಗೊತ್ತಿದ್ದವನು ಒಬ್ಬನೇ. ಲೆಕ್ಕ ಸರಳವಾಗಿತ್ತು, ಗಣಿತದ ಮಾಸ್ತರರೇ ಬೇಕಾಗಿರಲಿಲ್ಲ.

ದೇವದುರ್ಗದ ಎರಡನೇ ವರ್ಷ, ಜುಲೈ ತಿಂಗಳಲ್ಲಿ ತಾಯಿ ರಾಯಚೂರಿನಲ್ಲಿ ತೀರಿಕೊಂಡಳು. ಸುದ್ದಿ ಮುಟ್ಟುವಷ್ಟರಲ್ಲಿ ಹಳ್ಳಿಯ ಕೊನೆಯ ಬಸ್ಸು ಹೋಗಿಬಿಟ್ಟಿತ್ತು. ಮರುದಿನ ಮಾಸ್ತರರು ಬಂದು ಮುಟ್ಟಿದಾಗ ಮಣ್ಣಿಗೆ ಒಯ್ಯಲು ಎತ್ತಿಬಿಟ್ಟಿದ್ದರು. ಜನಾಜಾಕ್ಕೆ ಹೆಗಲು ಕೊಟ್ಟವರಲ್ಲಿ, ತಲೆಗೆ ಕರ್ಚೀಫು ಕಟ್ಟಿಕೊಂಡ ಮಲ್ಲಯ್ಯನವರೂ ಇದ್ದರು. ಮಗ ಇಲ್ಲದ ಹೊತ್ತಲ್ಲಿ ಮಗನ ಜಾಗದಲ್ಲಿ ನಿಂತಿದ್ದರು. ಯಾರೇ ಆಗಲಿ ಅಪ್ಪಿಕೊಂಡು ಅಳುತ್ತಿದ್ದರು. ನಮ್ಮ ಮಾಸ್ತರರಿಗೆ ಹೊಳೆದದ್ದು ಒಂದೇ: ಪಾಪಪ್ರಜ್ಞೆ. ತಾಯಿಯಿಂದ ಮಗನನ್ನು ದೂರ ಮಾಡಿದ ಪಾಪವನ್ನು ಈಗ ಹೆಗಲ ಮೇಲೆ ಹೊತ್ತು ತೀರಿಸುತ್ತಿದ್ದಾನೆ.

ಅಂದಿನಿಂದ ಮಲ್ಲಯ್ಯನವರು ಮಾಡಿದ ಒಂದೊಂದು ಒಳ್ಳೆಯ ಕೆಲಸವೂ ಒಂದೊಂದು ಸಾಕ್ಷಿಯಾಯಿತು. 'ಲೇ ಸ್ವಾಮಿ' ಹೋಗಿ 'ಬರ್ರಿ ಮಲ್ಲಯ್ಯನವರ' ಬಂತು. ಮರ್ಯಾದೆಯ ಹೆಸರಿನಲ್ಲಿ ಮನುಷ್ಯನನ್ನು ಎಷ್ಟು ದೂರ ತಳ್ಳಬಹುದೋ ಅಷ್ಟು ತಳ್ಳಿದರು. ಮಾನ್ವಿಗೆ ವರ್ಗವಾಗಿ ಬಂದು ಮನೆ ಕಟ್ಟಿಸಿದಾಗ ಗೇಟಿನ ಜಾಗದಲ್ಲಿ ಗೋಡೆ ಎಬ್ಬಿಸಿದರು. ಆಚೆ ಮನೆಯ ಚಹ ಒಂದು ದಿನವೂ ಮುಟ್ಟಲಿಲ್ಲ. ಪಕ್ಕದ ಪ್ಲಾಟಿನಲ್ಲಿ ತಾವೂ ಮನೆ ಕಟ್ಟಿಸಿಕೊಂಡು ಬಂದ ಮಲ್ಲಯ್ಯನವರು ಗೋಡೆ ನೋಡಿದರು, ಇವರ ಮುಖ ನೋಡಿದರು, ಏನೂ ಅನ್ನದೆ ಒಳಗೆ ಹೋದರು. ಸುಮ್ಮನಿದ್ದಾನೆ ಅಂದರೆ ಒಪ್ಪಿಕೊಂಡ ಹಾಗೆಯೇ ಎಂದು ಮಾಸ್ತರರು ಇನ್ನೊಂದು ಸಾಕ್ಷಿ ಬರೆದುಕೊಂಡರು.

ಹೆಂಗಸರು ಮಾತ್ರ ಈ ಗಂಡಸರ ಯುದ್ಧಕ್ಕೆ ಸೊಪ್ಪು ಹಾಕಲಿಲ್ಲ. ದಾವಲ್ ಬೀ ಗೋಡೆಯ ಈಚೆ ಎರಡು ಇಟ್ಟಂಗಿ ಇಟ್ಟುಕೊಂಡಳು, ಸೂಗಮ್ಮ ಆಚೆ ಒಂದು ಸ್ಟೂಲು. ಎಳ್ಳಮಾವಾಸ್ಯೆಗೆ ಸಜ್ಜೆ ರೊಟ್ಟಿ, ಭಜ್ಜಿ ಈಚೆಗೆ ಬರುತ್ತಿತ್ತು. ರಮಜಾನ್ ಹಬ್ಬಕ್ಕೆ ಶಾವಿಗೆಯ ಸುರಕುಂಬಾ ಆಚೆಗೆ ಹೋಗುತ್ತಿತ್ತು. ಗಾಜಿನ ಚೂರು ತಾಗದಂತೆ ಮೇಲೆ ಹಳೆಯ ಗೋಣಿಚೀಲ ಹಾಸಿದ್ದರು. "ವಿಮಾನ ಬಂತು ನೋಡ್ರಿ" ಎಂದು ದಾವಲ್ ಬೀ ಗಂಡನಿಗೆ ಕೇಳುವಂತೆಯೇ ಕೂಗುತ್ತಿದ್ದಳು. ಮಾಸ್ತರರು ರೊಟ್ಟಿ ಮುರಿದು ಎರಡೂ ಕಡೆ ನೋಡಿಯೇ ಬಾಯಿಗಿಡುತ್ತಿದ್ದರು. ಏನು ಸಿಕ್ಕೀತೆಂದು ನೋಡುತ್ತಿದ್ದರೋ ಅವರಿಗೇ ಗೊತ್ತಿರಲಿಲ್ಲ.

ಕೊಟ್ರೇಶ ಬಂದುಹೋದ ಮರುದಿನವೇ ಮಾಸ್ತರರು ಪೋಸ್ಟಾಫೀಸಿಗೆ ಹೋಗಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ತಂದರು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರು, ನನ್ನ ವರ್ಗಾವಣೆಯ ಪೂರ್ತಿ ಕಡತ ನೋಡಬೇಕು ಎಂದು. ಬರ್ಲಿನ್ನಿನವರು ಓದಿದ ಹಾಗೆ ನಾನೂ ಓದುತ್ತೇನೆ. ಆ ಕೈಬರಹ ನನಗೆ ಗೊತ್ತು, ಇಪ್ಪತ್ತು ವರ್ಷ ಒಂದೇ ಟೇಬಲಿನಲ್ಲಿ ನೋಡಿದ್ದೇನೆ. ಸ್ಟೇಜಿನ ಮೇಲೆ ಆ ಹಾಳೆ ಎತ್ತಿ ಹಿಡಿಯುತ್ತೇನೆ.

ದಾವಲ್ ಬೀಗೆ ಗೊತ್ತಾಗಿ ಹೌಹಾರಿದಳು. "ನಕ್ಕೋ ಜೀ, ಬ್ಯಾಡ! ಆ ಮನುಷ್ಯಾ ನಿಮ್ಮವ್ವನ ಹೊತ್ತಾನ. ಅವರನ್ನ ಮಂದಿ ಮುಂದ ನಿಲ್ಲಸ್ತೀರಾ? ನಾಳಿ ನಾ ಸೂಗಮ್ಮಗ ಯಾವ ಮುಖ ತೋರಸ್ಲಿ?"

"ತಪ್ಪು ಮಾಡಿಲ್ಲಂದ್ರ ಅಂಜಿಕಿ ಯಾಕ?"

"ಅಂಜಿಕಿ ನನಗ, ಅವರಿಗಲ್ಲ. ನಿಮಗ ಈ ಊರಾಗ ಇರಾಂವ ಒಬ್ಬನೇ ದೋಸ್ತ" ಎಂದು ಆಕೆ ಒಳಗೆ ಹೋಗಿ ಕಣ್ಣೊರೆಸಿಕೊಂಡಳು. ಆಕೆಗೂ ಸೂಗಮ್ಮ ಏನಾದರೂ ಹೇಳಿಕೊಟ್ಟಿರಬಹುದೇ ಎಂದು ಮಾಸ್ತರರಿಗೆ ಒಂದು ಗಳಿಗೆ ಅನ್ನಿಸಿತು. ಛೇ, ಎಂಥ ಮನುಷ್ಯ!

ಸೆಪ್ಟೆಂಬರ್ ಕೊನೆಗೆ ಕರೆ ಬಂತು. ಮಾಸ್ತರರು ಬೆಳಗಿನ ಬಸ್ಸು ಹಿಡಿದು ರಾಯಚೂರಿಗೆ ಹೋದರು. ಕಚೇರಿಯ ದಾಖಲೆ ಕೋಣೆಯಲ್ಲಿದ್ದ ಕಮರುನ್ನೀಸಾ ಎಂಬ ಹೆಣ್ಣುಮಗಳು ಎದ್ದು ನಿಂತು ಸಲಾಂ ಹೇಳಿದಳು.

"ನಾನೂ ನಿಮ್ಮ ಹತ್ತನೇ 'ಬಿ' ಸರ, ಕೊಟ್ರೇಶನ ಬ್ಯಾಚು. ಬರ್ಲಿನ್‌ದವರಂಗ ಫೈಲ್ ಓದಾಕ ಬಂದೀರಿ ಅಲ್ರೀ? ನಿಮ್ಮ ಅರ್ಜಿ ಬಂದಾಗಿಂದ ಹುಡುಕಾಕತ್ತಿದ್ದೆ, ಮೊನ್ನಿ ಸಿಕ್ತು."

"ನೀ ಓದೀಯೇನವ್ವಾ?" ಎಂದು ಮಾಸ್ತರರು ಕಣ್ಣು ಕಿರಿದು ಮಾಡಿ ಕೇಳಿದರು.

"ಓದೀನಿ ಸರ" ಎಂದಳು ಆಕೆ. ಕುರ್ಚಿ ಸರಿಸಿ, ಫ್ಯಾನು ಹಾಕಿ ಹೊರಗೆ ಹೋದಳು.

ಕಡತದಲ್ಲಿ ಹದಿನಾಲ್ಕು ಹಾಳೆ. ಮೊದಲನೆಯದೇ ಮೂಗರ್ಜಿ. ಅವರು ನಿರೀಕ್ಷಿಸಿದ ದುಂಡನೆಯ ಅಕ್ಷರ ಅಲ್ಲಿರಲಿಲ್ಲ, ಟೈಪ್ ಮಾಡಿಸಿದ ಹಾಳೆ ಅದು. ಜಾಣ, ಟೈಪ್ ಮಾಡಿಸಿದ್ದಾನೆ ಎಂದುಕೊಂಡು ಓದತೊಡಗಿದರು.

'ಸದರಿ ಶಿಕ್ಷಕರು ದಿನಾಂಕ ೨೦-೧-೨೦೦೬ರ ಶುಕ್ರವಾರದಂದು ಹಾಜರಿ ಪುಸ್ತಕದಲ್ಲಿ ಸಹಿ ಮಾಡಿ, ಮಧ್ಯಾಹ್ನ ಶಾಲೆಯ ಹಿಂಭಾಗದ ಗೋಡೆಯನ್ನು ಹಾರಿ ಹೋಗಿರುತ್ತಾರೆ. ಈ ಬಗ್ಗೆ ಸಾಕ್ಷಿ ಬೇಕಾಗಿಲ್ಲ. ಏಕೆಂದರೆ ನಂತರದ ವಾರದಲ್ಲಿ ಸದರಿಯವರೇ ಹತ್ತನೇ ಬಿ ವಿಭಾಗದಲ್ಲಿ ಪಾಠ ಮಾಡುವಾಗ, ನಾನೂ ಬರ್ಲಿನ್ ಗೋಡೆ ಹಾರಿದವನೇ, ಕಾವಲುಗಾರರ ಕಣ್ಣು ತಪ್ಪಿಸಿ ಹೋದ ಶುಕ್ರವಾರ ಈ ಗೋಡೆ ಹಾರಿದೆ, ಯಾವ ಸರಕಾರವೂ ನನ್ನನ್ನು ಹಿಡಿಯಲಿಲ್ಲ ಎಂದು ನಲವತ್ತಾರು ಮಕ್ಕಳ ಎದುರಿಗೆ ಹೆಮ್ಮೆಯಿಂದ ಹೇಳಿಕೊಂಡಿರುತ್ತಾರೆ. ಇಂಥವರಿಂದ ನಮ್ಮ ಮಕ್ಕಳು ಏನು ಕಲಿಯಬೇಕು?'

ಮಾಸ್ತರರು ಅದನ್ನು ಎರಡನೇ ಸಲ ಓದಲಿಲ್ಲ. ಓದುವ ಅಗತ್ಯವಿರಲಿಲ್ಲ, ಕಿವಿಗೇ ಕೇಳಿಸಿತು. ಸೀಮೆಸುಣ್ಣದ ಕೈ, ಎದೆ ಉಬ್ಬಿಸಿ ನಿಂತ ಗತ್ತು, ಹುಡುಗರ ಚಪ್ಪಾಳೆ. ಹೇಳಿದ್ದರು. ಹೇಳಿಯೇ ಹೇಳಿದ್ದರು. ಪಾಠಕ್ಕೆ ರಂಗು ಬರಲಿ ಎಂದು ಹೇಳಿ, ಗಂಟೆ ಬಾರಿಸಿದ ಕೂಡಲೇ ಮರೆತಿದ್ದರು. ಯಾವುದೋ ಹುಡುಗ ಮನೆಗೆ ಹೋಗಿ ನಗುನಗುತ್ತ ಅಪ್ಪನಿಗೆ ಹೇಳಿದ್ದಾನೆ, ಆ ಅಪ್ಪ ಟೈಪ್ ಮಾಡಿಸಿದ್ದಾನೆ. ನೂರ ಹನ್ನೊಂದು ಕಿಲೋಮೀಟರ್ ಕಡತ ಹುಡುಕಿದರೂ ಸಿಗದ ಚಾಡಿಕೋರ ತಮ್ಮ ಬಾಯೊಳಗೇ ಇದ್ದ.

ಏಳನೇ ಹಾಳೆಯಲ್ಲಿ ಆ ದುಂಡನೆಯ ಅಕ್ಷರ ಸಿಕ್ಕಿತು. ವಿಚಾರಣೆಗೆ ಬಂದ ಅಧಿಕಾರಿಯ ಮುಂದೆ ಮಲ್ಲಯ್ಯನವರು ಬರೆದುಕೊಟ್ಟ ಹೇಳಿಕೆ. 'ಶ್ರೀ ಬುರ್ಹಾನುದ್ದೀನ್ ಅವರ ತಾಯಿಯವರ ಜೀವಕ್ಕೆ ಅಪಾಯವಿತ್ತು. ಹೋಗಲು ಹೇಳಿದವನು ನಾನು. ಗೋಡೆ ಹತ್ತಲು ನನ್ನ ಬೆನ್ನು ಕೊಟ್ಟಿದ್ದೇನೆ. ಅವರ ತರಗತಿಯನ್ನು ನಾನೇ ತೆಗೆದುಕೊಂಡಿದ್ದೇನೆ. ತಪ್ಪಿದ್ದರೆ ಅದು ನನ್ನದು, ಶಿಕ್ಷೆಯನ್ನು ನನಗೆ ಕೊಡಬೇಕು.' ಹನ್ನೆರಡನೇ ಹಾಳೆ ಆದೇಶ. ಬುರ್ಹಾನುದ್ದೀನ್ ಅವರಿಗೆ ವರ್ಗಾವಣೆ, ಅದು ಗೊತ್ತಿದ್ದದ್ದೇ. ಅವರು ಎಂದೂ ಕಾಣದ ಹದಿಮೂರನೇ ಹಾಳೆಯಲ್ಲಿ ಮಲ್ಲಯ್ಯನವರಿಗೆ, ಸಹಕರಿಸಿದ ತಪ್ಪಿಗಾಗಿ, ಒಂದು ವಾರ್ಷಿಕ ವೇತನ ಬಡ್ತಿ ತಡೆ.

ಕಮರುನ್ನೀಸಾ ಚಹ ತಂದಿಟ್ಟಳು. ಮಾಸ್ತರರು ಅದನ್ನು ನೋಡಿದರು, ಕುಡಿಯಲು ಆಗಲಿಲ್ಲ. "ಯವ್ವಾ, ಏಳನೇ ಹಾಳಿ ಜೆರಾಕ್ಸ್ ಮಾಡಿಕೊಡು" ಎಂದರು.

ಗುರುವಂದನೆಗೆ ಇನ್ನೂ ಹತ್ತು ದಿನ ಇತ್ತು. ಈಗ ನೀವೇ ಹೇಳಿ, ಆ ಮನುಷ್ಯ ಏನು ಮಾಡಬೇಕಿತ್ತು? ಬಸ್ಸಿಳಿದು ಸೀದಾ ಪಕ್ಕದ ಮನೆಗೆ ಹೋಗಿ ಕೈ ಹಿಡಿಯಬೇಕಿತ್ತು. ಒಂದು ದಿನ ಗೇಟಿನ ತನಕ ಹೋದರು, ವಾಪಸ್ ಬಂದರು. ಇನ್ನೊಂದು ದಿನ ಗೋಡೆಯ ಹತ್ತಿರ ನಿಂತು ಆಚೆಯ ಕೆಮ್ಮು ಕೇಳಿದರು. ಏನಂತ ಹೇಳುವುದು? ಒಬ್ಬರ ಮುಂದೆ ನಿಂತು ಸಣ್ಣವನಾಗುವ ಧೈರ್ಯ ಅವರಿಗೆ ಹುಟ್ಟಲೇ ಇಲ್ಲ. ಕ್ಲಾಸಿನಲ್ಲಿ ನಲವತ್ತಾರು ಜನರ ಮುಂದೆ ಮಾತಾಡಿ ಬದುಕಿದ ಮನುಷ್ಯನಿಗೆ ಸ್ಟೇಜೇ ಸುಲಭ ಎನಿಸಿತು. ದಾವಲ್ ಬೀಗೂ ಏನೂ ಹೇಳಲಿಲ್ಲ. ಆಕೆ ಹತ್ತು ದಿನ ಎದೆಯಲ್ಲಿ ಕಲ್ಲು ಇಟ್ಟುಕೊಂಡು ಅಡುಗೆ ಮಾಡಿದಳು.

ಗುರುವಂದನೆಯ ದಿನ ಕಲ್ಯಾಣಮಂಟಪ ತುಂಬಿತ್ತು. ಹತ್ತನೇ 'ಬಿ'ಯವರು ಈಗ ತಲೆಗೂದಲು ಉದುರಿದ, ಕಂಕುಳಲ್ಲಿ ಮಕ್ಕಳನ್ನು ಎತ್ತಿಕೊಂಡ ದೊಡ್ಡವರು. ಇಬ್ಬರು ಮಾಸ್ತರರಿಗೂ ಪೇಟ ಸುತ್ತಿ, ಶಾಲು ಹೊದಿಸಿ ಅಕ್ಕಪಕ್ಕ ಕೂಡ್ರಿಸಿದರು. "ಆರಾಮ್ರೀ?" ಎಂದರು ಮಲ್ಲಯ್ಯನವರು. "ಹೂಂ ರೀ" ಎಂದರು ಇವರು. ಕೆಳಗೆ ಮೊದಲ ಸಾಲಿನಲ್ಲಿ ದಾವಲ್ ಬೀ ಸೂಗಮ್ಮನ ಕೈ ಬಿಗಿಯಾಗಿ ಹಿಡಿದು ಕೂತಿದ್ದಳು.

"ಸರ, ಬರ್ಲಿನ್! ಬರ್ಲಿನ್!" ಎಂದು ಹಿಂದಿನಿಂದ ಕೂಗು ಎದ್ದಿತು.

ಮಾಸ್ತರರು ಮೈಕಿಗೆ ಬಂದರು. ಜೇಬಿನಿಂದ ಹಾಳೆ ತೆಗೆದರು. ದಾವಲ್ ಬೀ ಕಣ್ಣು ಮುಚ್ಚಿಕೊಂಡಳು.

"ಬರ್ಲಿನ್‌ದಾಗ ಮಂದಿ ತಮ್ಮ ಫೈಲ್ ಓದಿದ್ದು ನಿಮಗ ಹೇಳಿದ್ದೆ. ಈ ಸಲ ನಾ ನನ್ನ ಫೈಲ್ ಓದಿ ಬಂದೀನಿ" ಎಂದು ಶುರು ಮಾಡಿದರು. ಮೂಗರ್ಜಿ, ದೇವದುರ್ಗ, ತಾಯಿಯ ಸಾವು, ಹದಿನೆಂಟು ವರ್ಷದ ಸಂಶಯ, ಏಳಡಿ ಗೋಡೆ, ಒಂದನ್ನೂ ಬಿಡಲಿಲ್ಲ. ಚಾಡಿ ಹೇಳಿದವನು ನಾನೇ ಎಂದರು. ಆಮೇಲೆ ಮಲ್ಲಯ್ಯನವರ ಹೇಳಿಕೆಯನ್ನು ಅಕ್ಷರ ಬಿಡದೆ ಓದಿದರು. ಮಂಟಪದಲ್ಲಿ ಚಪ್ಪಾಳೆಯೋ ಚಪ್ಪಾಳೆ, ಕೊಟ್ರೇಶ ಬಿಕ್ಕಿಬಿಕ್ಕಿ ಅಳುತ್ತಿದ್ದ. ಎದೆಯ ಭಾರವೆಲ್ಲ ಇಳಿದ ಮಾಸ್ತರರು ತಿರುಗಿ ನೋಡಿದರು. ಮಲ್ಲಯ್ಯನವರು ಚಪ್ಪಾಳೆ ತಟ್ಟುತ್ತಿರಲಿಲ್ಲ. ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತ ಕೂತಿದ್ದರು.

ಊಟಕ್ಕೆ ಎಲ್ಲರೂ ಎದ್ದ ಮೇಲೆ ಸ್ಟೇಜಿನ ಮೇಲೆ ಇಬ್ಬರೇ ಉಳಿದರು. ಮಾಸ್ತರರು ಪಕ್ಕದ ಕುರ್ಚಿಯಲ್ಲಿ ಕೂತರು.

"ಮಲ್ಲಯ್ಯನವರ..."

"ಏನ್ ಮಲ್ಲಯ್ಯನವರ?" ಮಲ್ಲಯ್ಯನವರು ತಲೆ ಎತ್ತಲಿಲ್ಲ. "ನೀ ನನ್ನ ಸಂಶಯ ಪಟ್ಟಿದ್ದು ನನಗ ಅವತ್ತೇ ಗೊತ್ತಿತ್ತು. ನಿಮ್ಮವ್ವನ ಮಣ್ಣಿನ ದಿವಸ. ನೀ ನನ್ನ ನೋಡಿದ್ದು ಹೆಂಗಿತ್ತು ಅಂತ ನನಗ ಇನ್ನೂ ನೆನಪದ."

"ಮತ್ತ ಒಂದ್ ಮಾತು ಹೇಳಬಾರದಿತ್ತೇನು?"

"ಹೇಳಿದ್ರ ನಂಬ್ತಿದ್ದಿ? ಇಂವಾ ಯಾಕ ಹೇಳಾಕತ್ತಾನ ಅಂತ ಅದಕ್ಕೂ ಸಂಶಯ ಪಡ್ತಿದ್ದಿ."

ಮಾತು ನಿಜವಾಗಿತ್ತು.

"ಇವತ್ತೂ ನೋಡು" ಎಂದರು ಮಲ್ಲಯ್ಯನವರು. "ಇಷ್ಟ್ ಮಂದಿ ಮುಂದ ಹೇಳಿದಿ. ನಡುವ ಒಂದ್ ಗೋಡಿ ಅದ, ಅದರಾಚಿಗೆ ನಾ ಕುಂತಿದ್ದೆ, ನನಗ ಹೇಳಲಿಲ್ಲ. ಸರಕಾರಕ್ಕ ಹತ್ತು ರೂಪಾಯಿ ಕೊಟ್ಟು ಕೇಳಿದಿ. ನನ್ನ ಪುಕ್ಕಟೆ ಕೇಳಬಹುದಿತ್ತಲ್ಲೋ ಬುರ್ಹಾನ."

ಕೆಳಗೆ ತಟ್ಟೆ, ಲೋಟಗಳ ಸದ್ದು. ಸೂಗಮ್ಮನೂ ದಾವಲ್ ಬೀಯೂ ಊಟದ ಸಾಲಿನಿಂದ ಇವರ ಕಡೆಗೇ ನೋಡುತ್ತಿದ್ದರು. ಹದಿನೆಂಟು ವರ್ಷದಲ್ಲಿ ಈ ಮನುಷ್ಯನಿಗೆ ತಾನು ಒಂದೇ ಒಂದು ಪ್ರಶ್ನೆ ಕೇಳಿರಲಿಲ್ಲ ಎಂಬುದು ಮಾಸ್ತರರಿಗೆ ಆಗ ಹೊಳೆಯಿತು.

"ಲೇ ಸ್ವಾಮಿ" ಎಂದರು ಕೊನೆಗೆ. "ಅವತ್ತು ನಿನ್ನ ಬೆನ್ನಿಗೆ ನೋವಾಗಿತ್ತೇನೋ?"

ಮಲ್ಲಯ್ಯನವರು ಮೊದಲ ಸಲ ತಲೆ ಎತ್ತಿ ಗೆಳೆಯನನ್ನು ನೋಡಿದರು.

"ಆಗಿತ್ತು" ಎಂದರು. "ನೀ ಚಪ್ಪಲಿ ತಗದಿದ್ದಿಲ್ಲ."